ಮಣ್ಣಲ್ಲಿ ಸಿಕ್ಕ ಖೋಟಾ ನಾಣ್ಯ: ಗುರುತಿಸುವುದು ಹೇಗೆ, ಕೆಡದಂತೆ ಉಳಿಸುವುದು ಹೇಗೆ?

ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುವವರಿಂದ ಪದೇ ಪದೇ ಬರುವ ಪ್ರಶ್ನೆ ಇದು: "ನೋಡಲು ಬೆಳ್ಳಿ ನಾಣ್ಯದ ಹಾಗೇ ಇದೆ, ಆದರೆ ಅಂಚು ಕಿತ್ತು ಒಳಗಿನಿಂದ ಹಸಿರು ಇಣುಕುತ್ತಿದೆ. ಖೋಟಾ ಅಂತ ಕಾಣುತ್ತೆ. ಎಸೆಯಲೇ, ತೊಳೆದು ನೋಡಲೇ?"

ಎರಡೂ ಬೇಡ. ಹಳೆಯ ಖೋಟಾ ನಾಣ್ಯಕ್ಕೆ ಅಸಲಿ ನಾಣ್ಯಕ್ಕಿಂತ ಹೆಚ್ಚಿನ ಆರೈಕೆ ಬೇಕು. ಅಸಲಿ ಬೆಳ್ಳಿ ನಾಣ್ಯ ಹೊರಗೂ ಒಳಗೂ ಒಂದೇ ಲೋಹ. ಖೋಟಾದಲ್ಲಿ ಬಹಳ ಸಲ ಹೊರಗೊಂದು, ಒಳಗೊಂದು. ಎರಡು ಲೋಹಗಳು ಒಂದಕ್ಕೊಂದು ತಾಗಿಕೊಂಡು ಒದ್ದೆ ಮಣ್ಣಿನಲ್ಲಿ ಬಿದ್ದಿದ್ದರೆ ಅವುಗಳ ನಡುವೆ ಸಣ್ಣ ವಿದ್ಯುತ್ ಪ್ರವಾಹ ಹರಿದು, ಕೀಳು ಲೋಹ ಬೇಗ ಸವೆಯುತ್ತದೆ. ಅದರ ಜೊತೆಗೆ, ಅದು ಖೋಟಾ ಎಂದು ಸಾರುವ ಗುರುತುಗಳೆಲ್ಲ ಇರುವುದು ನಾವು "ಹಾಳಾಗಿದೆ" ಎಂದುಕೊಳ್ಳುವ ಜಾಗಗಳಲ್ಲೇ: ಸೀಳಿದ ಅಂಚು, ಗುಳ್ಳೆ, ಗೀರು. ತಿಕ್ಕಿದರೆ ಮೊದಲು ಹೋಗುವುದು ಅವೇ.

ಇಲ್ಲಿ ಹೇಳುತ್ತಿರುವುದು ಚಲಾವಣೆಯ ಖೋಟಾ ಬಗ್ಗೆ. ಅಂದರೆ, ಆ ನಾಣ್ಯ ಪೇಟೆಯಲ್ಲಿ ಓಡುತ್ತಿದ್ದ ಕಾಲದಲ್ಲೇ ವ್ಯಾಪಾರಿಯ ಕಣ್ಣು ತಪ್ಪಿಸಲು ಮಾಡಿದ್ದು. ಸಂಗ್ರಾಹಕರಿಗೆ ಟೋಪಿ ಹಾಕಲು ಇತ್ತೀಚೆಗೆ ತಯಾರಾದ ನಕಲುಗಳ ಕಥೆಯೇ ಬೇರೆ. ಅವು ಮಣ್ಣಿನಲ್ಲಿ ಸಿಗುವುದು ಅಪರೂಪ.

ಯಾವ ಯಾವ ಬಗೆ?

ಮೂರನ್ನು ಗುರುತು ಹಿಡಿಯಲು ಕಲಿತರೆ ಮುಕ್ಕಾಲು ಕೆಲಸ ಆದಂತೆ.

ಮೊದಲನೆಯದು ಗಿಲೀಟು ನಾಣ್ಯ. ಸಂಗ್ರಾಹಕರು ಇದನ್ನು "ಫೂರೆ" ಎನ್ನುತ್ತಾರೆ. ತಾಮ್ರದ ಬಿಲ್ಲೆಗೆ ಬೆಳ್ಳಿಯ ತೆಳು ಹಾಳೆ ಸುತ್ತಿ, ಕಾಯಿಸಿ, ಆಮೇಲೆ ಅಚ್ಚು ಒತ್ತುತ್ತಿದ್ದರು. ಬೆಳ್ಳಿಯೂ ತಾಮ್ರವೂ ಸುಮಾರು 780 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಎರಡೂ ಪ್ರತ್ಯೇಕವಾಗಿ ಕರಗುವ ಶಾಖಕ್ಕಿಂತ ಸಾಕಷ್ಟು ಕೆಳಗೆ, ತಾಗಿದ ಕಡೆ ಒಟ್ಟಿಗೆ ಕರಗಿ ಬೆಸೆದುಕೊಳ್ಳುತ್ತವೆ. ಗ್ರೀಕರ ಮತ್ತು ರೋಮನ್ನರ ಕಾಲದ ಖೋಟಾಗಾರರು ಈ ಗುಣವನ್ನೇ ಬಳಸಿಕೊಂಡರು. ರೋಮಿನ ಬೆಳ್ಳಿ ನಾಣ್ಯವಾದ ದಿನಾರಿಯಸ್‌ಗಳಲ್ಲಿ ಕೆಲವಕ್ಕೆ ಅಂಚಿನುದ್ದಕ್ಕೂ ಗರಗಸದಂತೆ ಕಚ್ಚು ಹಾಕಿದ್ದಾರೆ. ಒಳಗೆ ತಾಮ್ರ ಇಲ್ಲವೆಂದು ತೋರಿಸಲೆಂದೇ ಹಾಗೆ ಮಾಡಿದರೆಂಬ ವಾದವಿದೆ. ಆದರೆ ಕಚ್ಚು ಹಾಕಿದ ಗಿಲೀಟು ನಾಣ್ಯಗಳೂ ಸಿಕ್ಕಿವೆ. ಹಾಗಾಗಿ ಕಚ್ಚು ಕಂಡ ಮಾತ್ರಕ್ಕೆ ಅಸಲಿ ಎಂದು ತೀರ್ಮಾನಿಸಬೇಡಿ.

ಎರಡನೆಯದು ಎರಕದ ನಾಣ್ಯ. ಅಸಲಿಯೊಂದನ್ನು ಜೇಡಿಮಣ್ಣಿಗೋ ಪ್ಲಾಸ್ಟರಿಗೋ ಒತ್ತಿ ಅಚ್ಚು ತೆಗೆದು, ಸೀಸ, ತವರ ಅಥವಾ ಅವೆರಡರ ಮಿಶ್ರಣ ಸುರಿದದ್ದು. ಕ್ರಿ.ಶ. 3ನೇ ಶತಮಾನದ ರೋಮನ್ ಸಾಮ್ರಾಜ್ಯದಲ್ಲಿ ಬಳಸಿದ ಮಣ್ಣಿನ ಅಚ್ಚುಗಳೇ ಬ್ರಿಟನ್ ಮುಂತಾದ ಕಡೆ ಸಿಕ್ಕಿವೆ.

ಮೂರನೆಯದು ತೆಳು ತಾಮ್ರದ ಖೋಟಾ. ಇದರಲ್ಲಿ ಲೋಹ ಸುಳ್ಳಲ್ಲ, ತೂಕ ಸುಳ್ಳು. 18ನೇ ಶತಮಾನದ ಇಂಗ್ಲೆಂಡಿನ ಅರ್ಧ ಪೆನ್ನಿ ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಪೌಂಡ್ ತಾಮ್ರಕ್ಕೆ 46 ನಾಣ್ಯ ಎಂಬುದು ಟಂಕಸಾಲೆಯ ಲೆಕ್ಕ, ಅಂದರೆ ಒಂದೊಂದೂ ಸುಮಾರು 9.9 ಗ್ರಾಂ. ಖೋಟಾಗಳು ಅದಕ್ಕಿಂತ ಎಷ್ಟೋ ಹಗುರ. 1787ರಲ್ಲಿ ಅಲ್ಲಿನ ಟಂಕಸಾಲೆ ಚಲಾವಣೆಯಲ್ಲಿದ್ದ ಅರ್ಧ ಪೆನ್ನಿಗಳನ್ನು ಪರಿಶೀಲಿಸಿದಾಗ, ರಾಜನ ನಾಣ್ಯವನ್ನು ಒಂದಿಷ್ಟಾದರೂ ಹೋಲುತ್ತಿದ್ದದ್ದು ಶೇ. 8 ಮಾತ್ರ! ಆ ಕಾಲದ ನೆಲದಲ್ಲಿ ಹುಡುಕುವವರಿಗೆ ಅಸಲಿಗಿಂತ ಖೋಟಾವೇ ಹೆಚ್ಚು ಸಿಗುವುದರಲ್ಲಿ ಆಶ್ಚರ್ಯವಿಲ್ಲ.

ಬೇಕಾಗುವ ಸಾಮಾನು

ಡಿಟೆಕ್ಟರ್, ಪಿನ್‌ಪಾಯಿಂಟರ್ (ಗುಂಡಿಯೊಳಗೆ ವಸ್ತು ಎಲ್ಲಿದೆ ಎಂದು ತೋರಿಸುವ ಕೈಯುಪಕರಣ), ಕೈಗವಸು, ಪಾಲಿಥೀನ್ ಜಿಪ್ ಚೀಲಗಳು, ಪೆನ್ಸಿಲ್, ಜಿಪಿಎಸ್ ಇರುವ ಫೋನ್. ಮನೆಯಲ್ಲಿ: ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, 0.01 ಗ್ರಾಂ ತೋರಿಸುವ ತಕ್ಕಡಿ, ಕ್ಯಾಲಿಪರ್, ಹಲ್ಲುಕಡ್ಡಿ, ಐಸೊಪ್ರೊಪೈಲ್ ಆಲ್ಕೊಹಾಲ್, ಸಿಲಿಕಾ ಜೆಲ್. ದುಬಾರಿ ಡಿಟೆಕ್ಟರ್‌ಗಿಂತ ಒಳ್ಳೆಯ ತಕ್ಕಡಿ ಈ ಕೆಲಸಕ್ಕೆ ಹೆಚ್ಚು ಉಪಯೋಗ ಎಂಬುದು ನನ್ನ ಅಭಿಪ್ರಾಯ.

ಹಂತ 1: ಮೊದಲು ಅನುಮತಿ, ಆಮೇಲೆ ಗುದ್ದಲಿ

ಜಮೀನಿನ ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ಸಂರಕ್ಷಿತ ಸ್ಮಾರಕಗಳ ಆವರಣಕ್ಕೆ ಡಿಟೆಕ್ಟರ್ ಒಯ್ಯಲೇಬೇಡಿ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನಲ್ಲಿ 1996ರ ಟ್ರೆಷರ್ ಆಕ್ಟ್ ಪ್ರಕಾರ 300 ವರ್ಷಕ್ಕಿಂತ ಹಳೆಯ, ಶೇ. 10ರಷ್ಟಾದರೂ ಚಿನ್ನ ಅಥವಾ ಬೆಳ್ಳಿ ಇರುವ ಎರಡು ನಾಣ್ಯ ಒಂದೇ ನಿಧಿಯ ಭಾಗವಾಗಿ ಸಿಕ್ಕರೆ ವರದಿ ಮಾಡಬೇಕು. ಅಷ್ಟು ಚಿನ್ನ ಬೆಳ್ಳಿ ಇಲ್ಲದವಾದರೆ ಹತ್ತು ಸಿಕ್ಕಾಗ. ಫ್ರಾನ್ಸಿನಲ್ಲಿ 1989ರ ಕಾನೂನಿನಂತೆ ಪುರಾತನ ವಸ್ತು ಹುಡುಕಲು ಡಿಟೆಕ್ಟರ್ ಬಳಸುವುದಕ್ಕೇ ಸರ್ಕಾರದ ಅನುಮತಿ ಬೇಕು. ಭಾರತದಲ್ಲಿ 1878ರ ನಿಧಿ ಕಾಯ್ದೆ ಈಗಲೂ ಇದೆ: ನೆಲದಲ್ಲಿ ಹುದುಗಿದ್ದ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ವಸ್ತು ಸಿಕ್ಕರೆ ಕಲೆಕ್ಟರಿಗೆ ಲಿಖಿತವಾಗಿ ತಿಳಿಸಬೇಕು.

"ಖೋಟಾ ತಾನೇ, ಇದಕ್ಕೇನು ಬೆಲೆ" ಎಂದು ವರದಿ ತಪ್ಪಿಸಬೇಡಿ. ಅದು ಖೋಟಾ ಹೌದೋ ಅಲ್ಲವೋ ಎಂದು ಹೇಳಬೇಕಾದವರು ತಜ್ಞರು.

ಹಂತ 2: ಡಿಟೆಕ್ಟರನ್ನು ಖೋಟಾಗೆ ಹೊಂದಿಸಿ

ಇಲ್ಲಿ ಬಹಳ ಜನ ಎಡವುತ್ತಾರೆ. ಕಸ ಬೇಡವೆಂದು "ಡಿಸ್ಕ್ರಿಮಿನೇಷನ್" ಏರಿಸಿಬಿಡುತ್ತಾರೆ. ಇಂಥ ಲೋಹ ಬಂದರೆ ಸದ್ದು ಮಾಡಬೇಡ ಎಂದು ಯಂತ್ರಕ್ಕೆ ಹೇಳುವ ಸೌಲಭ್ಯ ಅದು. ಯಂತ್ರ ನೋಡುವುದು ವಸ್ತುವಿನ ಗಾತ್ರವನ್ನೂ ಅದರಲ್ಲಿ ವಿದ್ಯುತ್ ಎಷ್ಟು ಸರಾಗ ಹರಿಯುತ್ತದೆ ಎಂಬುದನ್ನೂ. ಬೆಳ್ಳಿ, ತಾಮ್ರ ಒಳ್ಳೆಯ ವಾಹಕಗಳು. ಸೀಸದ ವಾಹಕತೆ ತಾಮ್ರದ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ, ತವರದ್ದು ಅದಕ್ಕಿಂತ ತುಸು ಹೆಚ್ಚು. ಹಾಗಾಗಿ ಬೆಳ್ಳಿ ನಾಣ್ಯದಷ್ಟೇ ಅಗಲದ ಸೀಸದ ಖೋಟಾ, ಪರದೆಯ ಮೇಲೆ ಅಲ್ಯೂಮಿನಿಯಂ ಹಾಳೆ ಮತ್ತು ಡಬ್ಬಿಯ ಮುಚ್ಚಳದ ಕಿವಿ ಬರುವ ಅಂಕಿಗಳಲ್ಲೇ ಕಾಣಿಸುತ್ತದೆ. ಅವನ್ನು ಬಾಯಿ ಮುಚ್ಚಿಸಿದರೆ ಖೋಟಾಗಳ ಬಾಯಿಯೂ ಮುಚ್ಚಿತು.

ಹಳೆಯ ಸಂತೆ ಮೈದಾನ, ಕಾಲುದಾರಿ, ದೋಣಿಗಟ್ಟೆ, ಹೊಳೆ ದಂಡೆ ಇಂಥ ಕಡೆ ಕಬ್ಬಿಣವನ್ನು ಮಾತ್ರ ತಡೆದು ಉಳಿದದ್ದೆಲ್ಲ ಕೇಳಿಸುವಂತೆ ಇಟ್ಟುಕೊಳ್ಳಿ. ಹೊಳೆ ದಂಡೆ ಎಂದದ್ದು ಸುಮ್ಮನೆ ಅಲ್ಲ. ಸಿಕ್ಕಿಬೀಳುವ ಭಯಕ್ಕೆ ಖೋಟಾಗಳನ್ನು ನೀರಿಗೆ ಸುರಿಯುವುದು ಇತ್ತು. ಅಮೆರಿಕದಲ್ಲಿ ಫ್ರಾನ್ಸಿಸ್ ಹೆನ್ನಿಂಗ್ ಎಂಬಾತ ಐದು ಸೆಂಟಿನ ನಿಕ್ಕಲ್ ನಾಣ್ಯವನ್ನೇ ಖೋಟಾ ಮಾಡಿ ತನ್ನ ಸರಕನ್ನು ಹೊಳೆಗೆ ಎಸೆದ. 1944ರ ಅಸಲಿ ನಾಣ್ಯದಲ್ಲಿ ಕಟ್ಟಡದ ಗುಮ್ಮಟದ ಮೇಲೆ ಯಾವ ಟಂಕಸಾಲೆಯದೆಂದು ಹೇಳುವ ದೊಡ್ಡದಾದ ಅಕ್ಷರ ಇರಬೇಕಿತ್ತು. ಆತ ಅದನ್ನೇ ಬಿಟ್ಟಿದ್ದ. ತೂಕವೂ 5 ಗ್ರಾಂ ಬದಲು 5.4ರ ಹತ್ತಿರ.

ಒಂದೇ ಗುರಿಯ ಮೇಲೆ ಅಂಕಿ ಮೇಲೆ ಕೆಳಗೆ ಜಿಗಿಯುತ್ತಿದ್ದರೆ, ಅಡ್ಡಡ್ಡ ಒಮ್ಮೆ, ಉದ್ದುದ್ದ ಒಮ್ಮೆ ಬೀಸಿ ನೋಡಿ. ಲೋಹ ಬೆರೆತ ಅಥವಾ ಒಡೆದ ನಾಣ್ಯ ಹೀಗೆ ಗೊಂದಲದ ಸದ್ದು ಕೊಡುತ್ತದೆ. ಅನುಮಾನವಿದ್ದರೆ ಅಗೆಯುವುದೇ ಮೇಲು.

ಹಂತ 3: ಅಗೆಯುವಾಗ

ಸೀಸ, ತವರ ಎರಡೂ ಮೆತ್ತಗಿನವು. ಸಲಿಕೆಯ ಒಂದು ಪೆಟ್ಟಿಗೆ ಅಕ್ಷರ ಮಾಯ. ಗುರಿಯಿಂದ ಒಂದು ಗೇಣು ದೂರದಲ್ಲಿ ಹೆಂಟೆ ಕತ್ತರಿಸಿ, ಹೆಂಟೆಯನ್ನು ಪಿನ್‌ಪಾಯಿಂಟರಿನಿಂದ ನೋಡುತ್ತಾ ಕೈಯಿಂದ ಬಿಡಿಸಿ. ಉತ್ತ ಮಣ್ಣಿನ ಆಳ ದಾಟಿ ಕೆಳಗಿನ ಗಟ್ಟಿ ಪದರಕ್ಕೆ ಇಳಿಯಬೇಡಿ.

ಹೆಬ್ಬೆರಳಿನಿಂದ ಮಣ್ಣು ಉಜ್ಜಿ "ಯಾವ ರಾಜ" ಎಂದು ನೋಡುವ ಚಪಲ ಎಲ್ಲರಿಗೂ ಇರುತ್ತದೆ. ಮರಳಿನ ಕಣ ಸೇರಿದ ಮಣ್ಣು ಉಪ್ಪುಕಾಗದಕ್ಕೆ ಸಮ. ಮಣ್ಣಿನ ಸಮೇತ ಚೀಲಕ್ಕೆ ಹಾಕಿ. ಜಿಪಿಎಸ್ ಅಂಕಿ, ಆಳ, ದಿನಾಂಕ ಚೀಟಿಯಲ್ಲಿ ಬರೆದು ಎರಡನೇ ಚೀಲದಲ್ಲಿ ಜೊತೆಗಿಡಿ. ಸೀಸ ವಿಷ. ಅದರ ಮೇಲಿನ ಬಿಳಿ ಪುಡಿ ಇನ್ನೂ ಅಪಾಯ. ಕೈಗವಸು ತೆಗೆದ ಮೇಲೂ ಕೈ ತೊಳೆಯದೆ ಏನನ್ನೂ ತಿನ್ನಬೇಡಿ.

ಮುಖ್ಯ ಎಚ್ಚರಿಕೆ: ಒಂದೇ ಜಾಗದಲ್ಲಿ ಒಂದೇ ತರಹದ ಹಲವು ಖೋಟಾ, ಜೊತೆಗೆ ಲೋಹ ಕರಗಿ ತೊಟ್ಟಿಕ್ಕಿದ ಹನಿಗಳು, ಅಚ್ಚಿಲ್ಲದ ಬರಿ ಬಿಲ್ಲೆಗಳು, ಬಿಲ್ಲೆ ಕತ್ತರಿಸಿ ಉಳಿದ ತಗಡು ಕಂಡರೆ ಅಲ್ಲಿಗೇ ನಿಲ್ಲಿಸಿ. ಅದು ಖೋಟಾಗಾರನ ಕೆಲಸದ ಜಾಗ ಇರಬಹುದು. ಮಣ್ಣಿನ ಅಚ್ಚು, ಮೂಸೆಯ ಚೂರುಗಳಿಗೆ ಡಿಟೆಕ್ಟರ್ ಸದ್ದು ಮಾಡುವುದಿಲ್ಲ. ನೀವು ಅಗೆಯುತ್ತಾ ಹೋದರೆ ನಾಣ್ಯ ಉಳಿದು ಅದರ ಕಥೆ ಹೋಗುತ್ತದೆ. ಗುರುತು ಹಾಕಿ, ಮಾಲೀಕರಿಗೆ ಹೇಳಿ, ಪುರಾತತ್ವ ಇಲಾಖೆಗೆ ತಿಳಿಸಿ.

ಹಂತ 4: ಮುಟ್ಟದೆ ನೋಡಿ

ನಾಣ್ಯ ಒಣಗಿದ ಮೇಲೆ ಪಕ್ಕದಿಂದ ಬೆಳಕು ಬಿಟ್ಟು ಭೂತಗನ್ನಡಿ ಹಿಡಿಯಿರಿ. ಮುಖಕ್ಕಿಂತ ಮೊದಲು ಅಂಚು ನೋಡಿ.

ಗಿಲೀಟು ನಾಣ್ಯವಾದರೆ ಅಂಚಿನಲ್ಲಿ ಬೆಳ್ಳಿಯ ಪೊರೆ ತುಟಿಯಂತೆ ಮೇಲೆದ್ದಿರುತ್ತದೆ. ಅದರಡಿ ಕೆಂಗಂದು ಅಥವಾ ಹಸಿರು. ಮುಖದ ಮೇಲೆ ಚಿಕ್ಕ ಗುಳ್ಳೆಗಳಿದ್ದರೆ, ಒಳಗಿನ ತಾಮ್ರ ಕಿಲುಬಾಗಿ ಉಬ್ಬಿ ಬೆಳ್ಳಿಯನ್ನು ಮೇಲಕ್ಕೆ ದೂಡುತ್ತಿದೆ ಎಂದರ್ಥ. ಗುಳ್ಳೆ ಒಡೆದ ಕಡೆ ಗುಂಡಿಯ ತಳ ಹಸಿರು, ಸುತ್ತ ಹರಿದ ಬೆಳ್ಳಿ. ಮೂಗು, ಕೆನ್ನೆ, ಕೂದಲಿನ ಎತ್ತರದ ಭಾಗ ಮೊದಲು ಸವೆದು ತಾಮ್ರ ಕಾಣುತ್ತದೆ.

ಎರಕದ್ದಾದರೆ ಅಂಚಿನ ಸುತ್ತ ಎರಡು ಅಚ್ಚು ಕೂಡಿದ ಗೆರೆ, ಅದನ್ನು ಮರೆಮಾಡಲು ಅರ ತಿಕ್ಕಿದ ಗೀರು, ಲೋಹ ಸುರಿದ ಬಾಯಿಯ ಮೊಟಕು. ಅಕ್ಷರಗಳ ಮೂಲೆ ಮೊಂಡು, ಅಕ್ಷರ, ಚಿತ್ರ ಇಲ್ಲದ ಖಾಲಿ ಜಾಗದಲ್ಲಿ ಸೂಜಿಮೊನೆಯಷ್ಟು ತೂತುಗಳು. ಲೋಹ ತಣಿಯುವಾಗ ಕುಗ್ಗುವುದರಿಂದ ಅಗಲ ಅಸಲಿಗಿಂತ ಒಂದು ಕೂದಲೆಳೆ ಕಡಿಮೆ. ಎರಡು ನಾಣ್ಯಗಳಲ್ಲಿ ಒಂದೇ ಗೀರು ಒಂದೇ ಜಾಗದಲ್ಲಿ ಇದ್ದರೆ ಎರಡೂ ಒಂದೇ ಅಚ್ಚಿನ ಮಕ್ಕಳು.

ಒತ್ತಿದ ತಾಮ್ರದ ಖೋಟಾಗಳಲ್ಲಿ ಒಕ್ಕಣೆ ಓದಿ. ತಿರುಗುಮುರುಗಾದ ಅಕ್ಷರ, ಕಾಗುಣಿತ ತಪ್ಪು ಸಾಮಾನ್ಯ. ಕೆಲವು ಬೇಕೆಂದೇ ತಪ್ಪು: "ಜಾರ್ಜಿಯಸ್ ರೆಕ್ಸ್" ಇರಬೇಕಾದ ಕಡೆ "ಜಾರ್ಜ್ ರೂಲ್ಸ್" ಎಂದು ಕೆತ್ತಿರುತ್ತಾರೆ. ಯಥಾವತ್ ನಕಲು ಮಾಡಿದರೆ ತಾನೇ ಅಪರಾಧ, ಇದು ನಕಲೇ ಅಲ್ಲ ಎಂಬ ಜಾಣತನ. ಓದಲು ಬಾರದ ಗಿರಾಕಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ನಾಣ್ಯಕ್ಕೆ ಅಡ್ಡಲಾಗಿ ಉಳಿಯ ಏಟು ಬಿದ್ದಿದ್ದರೆ ನೇಗಿಲ ಗಾಯ ಎಂದು ತಳ್ಳಿಹಾಕಬೇಡಿ. ಕ್ರಿ.ಪೂ. 375ರ ಹೊತ್ತಿನ ಅಥೆನ್ಸ್‌ನ ನಿಕೋಫೋನ್ ಶಾಸನದಂತೆ ಪೇಟೆಯಲ್ಲಿ ಕೂರುವ ಸರ್ಕಾರಿ ಪರೀಕ್ಷಕ, ಒಳಗೆ ತಾಮ್ರವೋ ಸೀಸವೋ ಇರುವ ನಾಣ್ಯ ಕಂಡರೆ ಅಲ್ಲೇ ಕಡಿದು ಹಾಕಬೇಕಿತ್ತು. ಕಡಿದದ್ದು ದೇವಮಾತೆಯ ಗುಡಿಯ ಸೊತ್ತು. ನೇಗಿಲ ಗಾಯ ಹೊಳೆಯುತ್ತದೆ. ಹಳೆಯ ಏಟಿನ ತಳದಲ್ಲಿ ಮುಖದ ಮೇಲಿನಂಥದೇ ಕಿಲುಬು ಕೂತಿರುತ್ತದೆ.

ಹಂತ 5: ತೂಕ, ಅಗಲ, ಸಾಂದ್ರತೆ

ತೂಕವನ್ನು ಅಸಲಿಯ ಪ್ರಮಾಣದೊಂದಿಗೆ ಹೋಲಿಸಿ. ಮಣ್ಣಿನಲ್ಲಿ ಕರಗಿ ಅಸಲಿಯೂ ಹಗುರಾಗಬಹುದು, ಆದ್ದರಿಂದ ತೂಕವೊಂದೇ ಸಾಕ್ಷಿ ಸಾಲದು.

ಮೈ ಗಟ್ಟಿಯಾಗಿದ್ದು ಎಲ್ಲೂ ಬಿರುಕಿಲ್ಲದಿದ್ದರೆ ಸಾಂದ್ರತೆ ಅಳೆಯಬಹುದು. ತಕ್ಕಡಿಯ ಮೇಲೆ ಶುದ್ಧೀಕರಿಸಿದ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳ ಗೋಡೆ ತಾಗದಂತೆ ಮುಳುಗಿಸಿ ಹಿಡಿಯಿರಿ. ಈಗ ತೋರುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿ. ಒಣ ತೂಕ 4.90 ಗ್ರಾಂ, ನೀರಿನಲ್ಲಿ ತೋರಿದ್ದು 0.56 ಎಂದಿಟ್ಟುಕೊಳ್ಳಿ: 8.75. ಶೇ. 92.5 ಬೆಳ್ಳಿಯ ನಾಣ್ಯಕ್ಕೆ 10.3ರ ಆಸುಪಾಸು ಬರಬೇಕು, ತಾಮ್ರಕ್ಕೆ 8.96, ತವರಕ್ಕೆ 7.3, ಸೀಸಕ್ಕೆ 11.3. ಹಾಗಾಗಿ 8.75 ಬಂದದ್ದು ತಾಮ್ರದ ಕಡೆಯದು. ಸೀಸ ಮತ್ತು ತವರವನ್ನು ಹದವಾಗಿ ಬೆರೆಸಿದರೆ ಬೆಳ್ಳಿಯ ಅಂಕಿಯೇ ಬರಬಹುದೆಂಬುದೂ ನೆನಪಿರಲಿ. ಎರಡು ಗ್ರಾಂಗಿಂತ ಸಣ್ಣ ನಾಣ್ಯಕ್ಕೆ ಈ ಲೆಕ್ಕ ನಂಬಬೇಡಿ. ತಕ್ಕಡಿ 0.01 ತಪ್ಪಿದರೂ ಉತ್ತರ ಶೇ. 5ರಷ್ಟು ಆಚೀಚೆ ಆಗುತ್ತದೆ. ಗಿಲೀಟು ಬಿರುಕು ಬಿಟ್ಟಿದ್ದರೆ, ಸೀಸ ಪುಡಿ ಉದುರಿಸುತ್ತಿದ್ದರೆ ನೀರಿನ ಪರೀಕ್ಷೆ ಬೇಡವೇ ಬೇಡ.

ಚಿನ್ನದ ಬಣ್ಣದ ನಾಣ್ಯ ನಿರೀಕ್ಷೆಗಿಂತ ಭಾರ ಬಂದರೆ ಗಾಬರಿಯಾಗಬೇಡಿ. 19ನೇ ಶತಮಾನದಲ್ಲಿ ಪ್ಲಾಟಿನಂ ಚಿನ್ನಕ್ಕಿಂತ ಅಗ್ಗವಾಗಿದ್ದಾಗ, ಅದಕ್ಕೆ ಚಿನ್ನದ ಗಿಲೀಟು ಕೊಟ್ಟು ಸ್ಪೇನಿನ ಚಿನ್ನದ ನಾಣ್ಯಗಳ ಖೋಟಾ ಮಾಡಿದ್ದರು. ಪ್ಲಾಟಿನಂ ಸಾಂದ್ರತೆ 21.4.

ಹಂತ 6: ಶುಚಿ ಮಾಡುವುದು, ಅಥವಾ ಮಾಡದಿರುವುದು

ಮಾಡಬಾರದ್ದನ್ನು ಮೊದಲು ಹೇಳುತ್ತೇನೆ. ನಿಂಬೆರಸ, ವಿನೆಗರ್ ಬೇಡ. ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲ ಸೀಸವನ್ನು ತಿನ್ನುತ್ತದೆ, ತಾಮ್ರದ ಕಿಲುಬನ್ನು ಕರಗಿಸಿ ಗಿಲೀಟಿಗೆ ಇದ್ದ ಆಸರೆಯನ್ನೇ ತೆಗೆಯುತ್ತದೆ. ಅಲ್ಯೂಮಿನಿಯಂ ಹಾಳೆ ಮತ್ತು ಅಡುಗೆ ಸೋಡಾ ಬೇಡ. ಬ್ಯಾಟರಿ ಜೋಡಿಸಿ ಮಾಡುವ ವಿದ್ಯುದ್ವಿಭಜನೆ ಬೇಡ, ಬೆಳ್ಳಿ ಪೊರೆ ಹಾಳೆಹಾಳೆಯಾಗಿ ಏಳುತ್ತದೆ. ಅಲ್ಟ್ರಾಸೋನಿಕ್ ತೊಟ್ಟಿಯೂ ಅದೇ ಕೆಲಸ ಮಾಡುತ್ತದೆ. ತಿಂಗಳುಗಟ್ಟಲೆ ಆಲಿವ್ ಎಣ್ಣೆಯಲ್ಲಿ ನೆನೆಸುವುದು ಹಳೆಯ ಸಲಹೆ. ಎಣ್ಣೆಯೂ ತುಸು ಆಮ್ಲವೇ, ನಾನು ಯಾರಿಗೂ ಹೇಳುವುದಿಲ್ಲ.

ಮಾಡಬಹುದಾದದ್ದು ಇಷ್ಟೇ. ಮೆತ್ತನೆಯ ಬಟ್ಟೆಯ ಮೇಲೆ ನಾಣ್ಯ ಇಟ್ಟು, ಹಲ್ಲುಕಡ್ಡಿಯ ತುದಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ, ಮಣ್ಣನ್ನು ಮಾತ್ರ ಎಬ್ಬಿಸಿ. ನೀರಿನ ಬದಲು ಆಲ್ಕೊಹಾಲ್ ಏಕೆಂದರೆ ಅದು ಬಿರುಕಿನೊಳಗೆ ಉಳಿಯದೆ ಬೇಗ ಆರುತ್ತದೆ. ಭೂತಗನ್ನಡಿಯ ಕೆಳಗೇ ಕೆಲಸ ಮಾಡಿ. ಮಧ್ಯದಿಂದ ಶುರು ಮಾಡಿ ಎದ್ದ ಪೊರೆಯ ಹತ್ತಿರ ಬಂದಾಗ ನಿಲ್ಲಿಸಿ. ಒಕ್ಕಣೆ ಓದುವಷ್ಟಾದರೆ ಸಾಕು. ಮೂಲೆಗಳಲ್ಲಿ ಮಣ್ಣು ಉಳಿದರೆ ಉಳಿಯಲಿ.

ಕಿಲುಬಿನಲ್ಲಿ ಎರಡು ಬಗೆ ಎಂದು ತಿಳಿದಿರಿ. ಗಟ್ಟಿಯಾಗಿ, ನಯವಾಗಿ ಕೂತ ಕಡುಹಸಿರು ನಾಣ್ಯವನ್ನು ಕಾಯುತ್ತದೆ. ತಿಳಿಹಸಿರಿನ ಪುಡಿಪುಡಿ ಚುಕ್ಕೆ, ಕೆರೆದು ತೆಗೆದರೂ ಮತ್ತೆ ಬರುವಂಥದ್ದು, "ಕಂಚಿನ ರೋಗ". ಮಣ್ಣಿನಿಂದ ಬಂದ ಕ್ಲೋರೈಡ್ ಲವಣ ಗಾಳಿಯ ತೇವದೊಂದಿಗೆ ಸೇರಿ ತಾಮ್ರವನ್ನು ತಿನ್ನುತ್ತಾ ಹೋಗುತ್ತದೆ. ಇದಕ್ಕೆ ಮನೆಮದ್ದಿಲ್ಲ. ಸಿಲಿಕಾ ಜೆಲ್ ಜೊತೆ ಬಿಗಿ ಡಬ್ಬಿಯಲ್ಲಿಟ್ಟು ಸಂರಕ್ಷಣಾ ತಜ್ಞರಿಗೆ ಕೊಡಿ. ಬೆಂಜೋಟ್ರೈಅಜೋಲ್‌ನಂಥ ರಾಸಾಯನಿಕಗಳನ್ನು ಅವರು ಬಳಸುತ್ತಾರೆ, ಆರೋಗ್ಯಕ್ಕೆ ಹಾನಿ ಮಾಡುವ ವಸ್ತುಗಳವು, ನೀವು ಕೈ ಹಾಕಬೇಡಿ. ಎದ್ದ ಪೊರೆಯನ್ನು ಅಂಟಿಸುವುದೂ ಅವರ ಕೆಲಸ. ಮತ್ತೆ ಬಿಡಿಸಬಹುದಾದ ಪ್ಯಾರಲಾಯ್ಡ್ ಬಿ-72 ಎಂಬ ರಾಳವನ್ನು ಅವರು ಬಳಸುತ್ತಾರೆ. ಮನೆಯ ಸೂಪರ್ ಗ್ಲೂ ಹಾಕಿದರೆ ತಜ್ಞರೂ ಏನೂ ಮಾಡಲಾಗದು.

ಹಂತ 7: ಎತ್ತಿಡುವುದು

ಸೀಸದ ಶತ್ರು ಮರದ ಪೆಟ್ಟಿಗೆ. ಮರ, ಅದರಲ್ಲೂ ಓಕ್, ಎಂಡಿಎಫ್ ಹಲಗೆ, ರಟ್ಟು ಇವುಗಳಿಂದ ಸಾವಯವ ಆಮ್ಲದ ಆವಿ ಹೊರಡುತ್ತದೆ. ಚೆಂದದ ಮರದ ಡ್ರಾಯರಿನಲ್ಲಿಟ್ಟ ಸೀಸದ ನಾಣ್ಯ ಕೆಲ ವರ್ಷಗಳಲ್ಲಿ ಬಿಳಿ ಪುಡಿಯಾಗುವುದು ಹೀಗೆ. ಆ ಪುಡಿ ಕಂಡರೆ ಊದಬೇಡಿ, ಒರೆಸಬೇಡಿ, ಹಾಗೇ ಚೀಲಕ್ಕೆ ಹಾಕಿ. ಬೆಳ್ಳಿಗೆ ಗಂಧಕ ಆಗದು, ಆದ್ದರಿಂದ ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ ದೂರವಿರಲಿ. ತಾಮ್ರಕ್ಕೆ ಪಿವಿಸಿ ಆಗದು. ಮೃದುವಾಗಿ ಬಗ್ಗುವ, ಪ್ಲಾಸ್ಟಿಕ್ ವಾಸನೆ ಹೊಡೆಯುವ ನಾಣ್ಯದ ಕವರುಗಳು ಬಹಳ ಸಲ ಅದೇ, ಕಾಲಕ್ರಮದಲ್ಲಿ ಹಸಿರು ಅಂಟು ಬಿಡುತ್ತವೆ. ಪಾಲಿಥೀನ್, ಪಾಲಿಪ್ರೊಪಿಲೀನ್, ಮೈಲಾರ್ ಇವು ಸರಿ.

ಗಿಲೀಟಿನದ್ದಕ್ಕೆ ಒತ್ತಡ ಬೀಳದ ಗಟ್ಟಿ ಡಬ್ಬಿ ಬೇಕು. ಸೀಸದ್ದನ್ನು ಬೇರೆ ಡಬ್ಬಿಯಲ್ಲಿಡಿ. ಸಿಲಿಕಾ ಜೆಲ್ ಪೊಟ್ಟಣದ ಜೊತೆ ತೇವ ಸೂಚಕ ಕಾರ್ಡ್ ಹಾಕಿ, ತಾಮ್ರ ಇರುವ ಡಬ್ಬಿಯ ಆರ್ದ್ರತೆ ಶೇ. 35ಕ್ಕಿಂತ ಕೆಳಗೆ ಇರುವಂತೆ ನೋಡಿಕೊಳ್ಳಿ.

ಹಂತ 8: ದಾಖಲೆ ಮತ್ತು ಹೆಸರು

ಎರಡೂ ಮುಖ ಮತ್ತು ಅಂಚಿನ ಫೋಟೋ, ಪಕ್ಕದಲ್ಲಿ ಅಳತೆಪಟ್ಟಿ. ತೂಕ, ಅಗಲ, ದಪ್ಪ. ಒಂದು ಮುಖವನ್ನು ನೇರ ಹಿಡಿದು ತಿರುವಿದರೆ ಇನ್ನೊಂದು ಮುಖ ಎಷ್ಟು ವಾಲಿದೆ ಎಂಬುದನ್ನೂ ಬರೆದಿಡಿ. ಟಂಕಸಾಲೆಗಳಲ್ಲಿ ಇದಕ್ಕೆ ಕ್ರಮವಿದ್ದ ಕಾಲದ ನಾಣ್ಯವಾದರೆ, ಅಡ್ಡಾದಿಡ್ಡಿ ಕೂತ ಮುಖ ಖೋಟಾದ ಸುಳಿವು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1997ರಲ್ಲಿ ಶುರುವಾದ ಪೋರ್ಟಬಲ್ ಆಂಟಿಕ್ವಿಟೀಸ್ ಸ್ಕೀಮ್ ಸಾರ್ವಜನಿಕರಿಗೆ ಸಿಕ್ಕ ವಸ್ತುಗಳನ್ನು ದಾಖಲಿಸುತ್ತದೆ, ಖೋಟಾಗಳೂ ಅದರಲ್ಲಿ ಸೇರಿವೆ. ಅಂಥ ವ್ಯವಸ್ಥೆ ಇಲ್ಲದ ಕಡೆ ಹತ್ತಿರದ ವಸ್ತುಸಂಗ್ರಹಾಲಯ ಅಥವಾ ಪುರಾತತ್ವ ಇಲಾಖೆಯೇ ದಾರಿ.

ಚೀಟಿಯ ಮೇಲೆ "ಚಲಾವಣೆ ಕಾಲದ ಖೋಟಾ" ಎಂದು ಸ್ಪಷ್ಟವಾಗಿ ಬರೆಯಿರಿ. ನಾಣ್ಯದ ಮೇಲೆ ಕೆತ್ತಬೇಡಿ. ಮಾರುವ ಹಕ್ಕು ನಿಮಗಿದ್ದು ಮಾರುವುದಾದರೂ ಅದೇ ಹೆಸರಿನಲ್ಲಿ ಮಾರಿ, ಅಸಲಿ ಎಂದು ದಾಟಿಸಿದರೆ ವಂಚನೆಯ ಕೇಸು. ಇನ್ನು ಸಿಕ್ಕದ್ದು ಇವತ್ತು ಚಲಾವಣೆಯಲ್ಲಿರುವ ನಾಣ್ಯದ ಖೋಟಾ ಆಗಿದ್ದರೆ ಮೇಲಿನ ಯಾವುದೂ ಅನ್ವಯಿಸದು. ಅದನ್ನು ಸಂಗ್ರಹಕ್ಕೆ ಸೇರಿಸದೆ, ಜೇಬಿನ ಚಿಲ್ಲರೆಯೊಂದಿಗೆ ಬೆರೆಸದೆ, ಎಲ್ಲಿ ಸಿಕ್ಕಿತೆಂಬ ವಿವರದ ಸಮೇತ ಪೊಲೀಸರಿಗೆ ಒಪ್ಪಿಸಿ.